ಬೀಳು ಬಿಟ್ಟದ್ದು, ಬೀಳು ಬಿದ್ದದ್ದು

ಅಂದು ಬೆಳಿಗ್ಗೆ ಪತ್ರಿಕೆ ಬಿಡಿಸಿದಾಗ ನನ್ನ ವರದಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಬದಲಾಗಿದ್ದ ಒಂದೇ ಒಂದು ಅಕ್ಷರ. ನಾನು ಬರೆದದ್ದು ‘ಬೀಳು ಬಿಟ್ಟ ಜಮೀನು’ ಎಂದು. ಅಚ್ಚಾದದ್ದು ‘ಬೀಳು ಬಿದ್ದ ಜಮೀನು’ ಎಂದು. ಕಾಫಿ ಆರುವ ತನಕ ಅದನ್ನೇ ನೋಡುತ್ತ ಕುಳಿತಿದ್ದೆ. ಹೆಂಡತಿ ಅಡುಗೆಮನೆಯಿಂದ ಇಣುಕಿ, ಒಂದು ಒತ್ತಕ್ಷರಕ್ಕೆ ಇಷ್ಟು ಮುಖ ಊದಿಸಿಕೊಳ್ಳಬೇಕೆ ಎಂದಳು. ಅವಳು ಚಿಕ್ಕಪೇಟೆಯಲ್ಲಿ ಹುಟ್ಟಿ ಬೆಳೆದವಳು, ಹೊಲ ಕಂಡವಳಲ್ಲ. ನಾನು ಕಂಡವನೆಂದೇನಲ್ಲ. ಆದರೆ ಆ ಎರಡು ಮಾತುಗಳಿಗಿರುವ ವ್ಯತ್ಯಾಸವನ್ನು ಹಿಂದಿನ ದಿನವಷ್ಟೇ ಬದುವಿನ ಮೇಲೆ ನಿಂತು ಕಲಿತು ಬಂದಿದ್ದೆ.

ಇದು ಐವತ್ತರ ದಶಕದ ನಡುವಿನ ಮಾತು. ನಾವು ಬಾಡಿಗೆಗಿದ್ದ ರಾಜಾಜಿನಗರ ಆಗ ಅರ್ಧ ಊರು, ಅರ್ಧ ನಕ್ಷೆ. ಕಲ್ಲು ನೆಟ್ಟ ಸೈಟುಗಳ ನಡುವೆ ರಾಗಿಯ ಕೂಳೆ ಇನ್ನೂ ಕಾಲಿಗೆ ಚುಚ್ಚುತ್ತಿತ್ತು. ಮಾಗಡಿ ರಸ್ತೆಯ ಟೋಲ್‌ಗೇಟಿನಿಂದಾಚೆ ಪಶ್ಚಿಮಕ್ಕೆ ಏನೇ ನಡೆದರೂ ಪತ್ರಿಕೆಗೆ ತಿಳಿಸುವುದು ನನ್ನ ಕೆಲಸ. ವಾಹನವೆಂದರೆ ಸೈಕಲ್ಲು. ಹೇರೋಹಳ್ಳಿಗೆ ಈಚೆ, ರಸ್ತೆ ಬಿಟ್ಟು ಗಾಡಿಜಾಡು ಹಿಡಿದರೆ ಒಂದು ಸಣ್ಣ ಹಳ್ಳಿ ಸಿಗುತ್ತಿತ್ತು. ಅದರ ಹೆಸರು ಈಗ ಒಂದು ಬಸ್ ಸ್ಟಾಪಿಗೂ ಉಳಿದಿಲ್ಲ, ಆದ್ದರಿಂದ ಇಲ್ಲಿಯೂ ಬರೆಯುವುದಿಲ್ಲ.

ಆ ಹಳ್ಳಿಯ ಪಡುವಲ ಹೊಲಗಳನ್ನು ಒಂದು ಕಾರ್ಖಾನೆಗಾಗಿ ವಶಪಡಿಸಿಕೊಳ್ಳುತ್ತೇವೆ ಎಂದು ಸರ್ಕಾರದ ನೋಟೀಸು ಬಂದಿತ್ತು. ವರದಿಗೆಂದು ಹೋದೆ. ಊರಿನವರ ಪರವಾಗಿ ಮಾತಾಡಿದವರು ಎಲ್ಲರೂ ಯಜಮಾನರು ಎಂದು ಕರೆಯುತ್ತಿದ್ದ ಒಬ್ಬ ಮುದುಕರು. ಅವರ ಹೊಲವೂ ನೋಟೀಸಿನಲ್ಲಿ ಸೇರಿತ್ತು. ಸುತ್ತ ರಾಗಿ ಮೊಳಕಾಲೆತ್ತರ ನಿಂತಿದ್ದರೆ ಪಡುವಲ ಹೊಲಗಳಲ್ಲಿ ಮಾತ್ರ ಬರೀ ಗರಿಕೆ. ಏಕೆ ಬಿತ್ತಿಲ್ಲ ಎಂದು ಕೇಳಿದೆ. ಅವರು ನನ್ನನ್ನು ಏನೂ ತಿಳಿಯದ ಅಳಿಯನನ್ನು ನೋಡುವ ಹಾಗೆ ನೋಡಿದರು.

“ಬೀಳು ಬಿಟ್ಟಿವ್ನಿ ಸ್ವಾಮಿ. ಮೂರು ವರ್ಷ ದುಡ್ದವ್ಳೆ, ಒಂದು ವರ್ಷ ಮನೀಕಳ್ಲಿ. ಸುಗ್ಗಿ ಮುಗೀತಿದ್ದಂಗೆ ಕುರಿ ಮಂದೆ ಕೂರಿಸ್ತೀವಿ. ಆಮೇಲೆ ನೋಡಿ ಅವಳ ಮೈಯ.”

ಬೀಳು ಬಿಡುವುದು ರೈತ ಬೇಕೆಂದೇ ಮಾಡುವ ಕೆಲಸ. ಹೊಲಕ್ಕೆ ಒಂದು ವರ್ಷದ ರಜೆ ಕೊಟ್ಟು, ರಾತ್ರಿ ಹೊತ್ತು ಕುರಿಗಳನ್ನು ಅಲ್ಲೇ ಕೂಡಿಹಾಕಿಸಿ, ಅವುಗಳ ಗೊಬ್ಬರ ತಿನ್ನಿಸಿ ಮತ್ತೆ ಎಬ್ಬಿಸುವುದು. ಬೀಳು ಬೀಳುವುದೆಂದರೆ ಬೇರೆ. ಕೇಳುವವರಿಲ್ಲದೆ ನೆಲ ಹಾಳಾಗಿ ಹೋಗುವುದು. ಸರ್ಕಾರದ ಯೋಜನೆಯಲ್ಲಿ ಸಾಗುವಳಿಯ ಭೂಮಿಯನ್ನು ಆದಷ್ಟು ಮುಟ್ಟಬಾರದು, ಬೀಳು ಬಿದ್ದದ್ದನ್ನು ತೆಗೆದುಕೊಳ್ಳಬೇಕು ಎಂಬ ಮಾತಿತ್ತು. ಆ ಊರಿಗೆ ಉಳಿದಿದ್ದ ಆಸೆಯೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ಆದ್ದರಿಂದಲೇ ನಾನು ಕುರಿ ಮಂದೆಯ ವಿಷಯವನ್ನೂ ಸೇರಿಸಿ, ಬೀಳು ಬಿಟ್ಟ ಜಮೀನು ಸಾಗುವಳಿ ಜಮೀನೇ ಎಂದು ಬಿಡಿಸಿ ಬರೆದಿದ್ದೆ.

ಕುರಿಗಳ ಪ್ಯಾರಾ ಪೂರ್ತಿ ಹಾರಿಹೋಗಿತ್ತು. ಉಳಿದದ್ದರ ಮೇಲೆ ‘ಬೀಳು ಬಿದ್ದ ನೆಲಕ್ಕೆ ಭಾಗ್ಯೋದಯ’ ಎಂಬ ತಲೆಬರಹ ಕುಳಿತಿತ್ತು.

ಮೊದಲು ಕಂಪೋಸಿಂಗ್ ಕೋಣೆಗೆ ಹೋದೆ. ಆ ಕಾಲದಲ್ಲಿ ಒಂದೊಂದು ಅಕ್ಷರವನ್ನೂ ಸೀಸದ ಮೊಳೆಯಾಗಿ ಗೂಡಿನಿಂದ ಹೆಕ್ಕಿ ಜೋಡಿಸುತ್ತಿದ್ದರು. ಟ ಇರಬೇಕಾದಲ್ಲಿ ದ ಬರುವುದು ಅಪರೂಪವೇನಲ್ಲ. ಕೈತಪ್ಪೇ ಇರಲಿ ಎಂದು ನಾನು ಆಸೆಪಟ್ಟಿದ್ದೆ. ಅಲ್ಲಿಯ ಹಿರಿಯ ಮೊಳೆಜೋಡಕ ನನ್ನ ಹಸ್ತಪ್ರತಿಯನ್ನು ಮುಂದೆ ಹಿಡಿದ. ‘ಬಿಟ್ಟ’ ಎಂದಿದ್ದ ಕಡೆಯಲ್ಲೆಲ್ಲ ನೀಲಿ ಪೆನ್ಸಿಲಿನಲ್ಲಿ ಅಚ್ಚುಕಟ್ಟಾಗಿ ‘ಬಿದ್ದ’ ಎಂದು ತಿದ್ದಲಾಗಿತ್ತು. ನೀಲಿ ಪೆನ್ಸಿಲು ನಮ್ಮಲ್ಲಿ ಇದ್ದದ್ದು ಒಬ್ಬರ ಬಳಿಯೇ, ಮುಖ್ಯ ಉಪಸಂಪಾದಕರ ಬಳಿ.

ಅವರು ಕೆಟ್ಟವರಲ್ಲ. ನನಗೆ ವಾಕ್ಯ ಕಟ್ಟುವುದನ್ನು ಕಲಿಸಿದವರೇ ಅವರು. ನಾನು ರೇಗಿಕೊಂಡು ಹೋಗಿ ಮೇಜಿನ ಮುಂದೆ ನಿಂತಾಗ ಕನ್ನಡಕ ಮೇಲೆತ್ತಿ, ಕೂತುಕೋ ಎಂದರು. ಆಮೇಲೆ ಸಮಾಧಾನವಾಗಿಯೇ ವಿವರಿಸಿದರು. ಪತ್ರಿಕೆಯನ್ನು ಎರಡು ವರ್ಷದ ಹಿಂದೆ ಕೊಂಡವರು ಒಂದು ನೂಲಿನ ಗಿರಣಿಯ ಮಾಲೀಕರು ಎಂಬುದು ನನಗೂ ಗೊತ್ತಿತ್ತು. ಆ ಹೊಲಗಳ ಮೇಲೆ ಏಳಬೇಕಾದ ಕಾರ್ಖಾನೆ ಅವರದೇ ಎಂಬುದು ಗೊತ್ತಿರಲಿಲ್ಲ. ನೋಟೀಸಿನಲ್ಲಿ ಇದ್ದದ್ದು ಯಾವುದೋ ಹೊಸ ಕಂಪನಿಯ ಹೆಸರು.

“ಫೋನ್ ಬಂದಿತ್ತಾ ಸಾರ್?” ಎಂದೆ.

“ಫೋನ್ ಯಾಕಯ್ಯ ಬರ್ಬೇಕು? ಬರೋ ಹಾಗಿದ್ರೆ ನಾನು ಈ ಕುರ್ಚಿ ಮೇಲೆ ಇರ್ತಿದ್ನೆ?” ಎಂದರು. “ಎರಡೂ ಕನ್ನಡವೇ ತಾನೇ? ಬಿಟ್ಟರೆ ಬೀಳುತ್ತೆ. ಬಿಡು.”

ನಾನು ನೋಡಿದಂತೆ ನಮ್ಮ ಮಾಲೀಕರು ಒಮ್ಮೆಯೂ ಯಾವ ಸುದ್ದಿಯ ಬಗ್ಗೆಯೂ ಆಜ್ಞೆ ಮಾಡಿದವರಲ್ಲ. ಅವರು ಕಚೇರಿಗೆ ಬಂದದ್ದನ್ನೇ ನಾನು ಕಂಡದ್ದು ಒಂದು ಸಲ, ಆಯುಧಪೂಜೆಯ ದಿನ. ಹೊಸ ಮುದ್ರಣಯಂತ್ರಕ್ಕೆ ಕುಂಕುಮ ಹಚ್ಚಿ, ನಮಗೆಲ್ಲ ಕೈಯಾರೆ ಪುರಿ-ಸಿಹಿ ಹಂಚಿ ಹೋದರು. ಹಳೆಯ ಮಾಲೀಕರ ಕಾಲದಲ್ಲಿ ಸಂಬಳ ಬಂದ ದಿನವೇ ಹಬ್ಬ. ಇವರು ಬಂದ ಮೇಲೆ ತಿಂಗಳು ಹುಟ್ಟುತ್ತಲೇ ಕೈಗೆ ಬರುತ್ತಿತ್ತು. ಅಂಥವರಿಗೆ ಏನು ಬೇಕು ಎಂದು ಅವರು ಹೇಳುವ ಮೊದಲೇ ಊಹಿಸುವುದನ್ನು ನಾವೆಲ್ಲ ಕಲಿತುಬಿಟ್ಟಿದ್ದೆವು. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ಸಂಜೆಯೇ ಹಳ್ಳಿಗೆ ಹೋದೆ. ಊರಿನವರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ ಎಂದುಕೊಂಡೇ ಹೋಗಿದ್ದೆ. ಆದದ್ದೇ ಬೇರೆ. ಯಜಮಾನರ ಜಗಲಿಯ ಮೇಲೆ ಹತ್ತು ಹದಿನೈದು ಜನ ಕುಳಿತಿದ್ದರು. ಅವರ ಸೊಸೆ ಮಿಡಲ್ ಸ್ಕೂಲಿನ ತನಕ ಓದಿದ ಹೆಣ್ಣುಮಗಳು, ಹಾಲು ಹಾಕಲು ಪೇಟೆಗೆ ಹೋದವರು ತರುತ್ತಿದ್ದ ಪತ್ರಿಕೆಯನ್ನು ದಿನವೂ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ನನ್ನ ವರದಿಯನ್ನು ಆಗಲೇ ಎರಡು ಸಲ ಓದಿಸಿಕೊಂಡಿದ್ದರಂತೆ. ತಮ್ಮ ಊರಿನ ಹೆಸರು ಅಚ್ಚಿನಲ್ಲಿ ಬಂದದ್ದಕ್ಕೆ ಅವರಿಗೆಲ್ಲ ಹಿಗ್ಗೋ ಹಿಗ್ಗು. ಯಜಮಾನರು ನನಗೆ ಮಣೆ ಹಾಕಿಸಿ, ನಮ್ಮ ಒಡ್ಡೊಡ್ಡು ಮಾತನ್ನು ತಿದ್ದಿ ಚೆಂದ ಮಾಡಿ ಹಾಕಿದ್ದೀರಿ ಎಂದು ಕೈ ಮುಗಿದರು.

ತಿದ್ದಿದ್ದು ನಾನಲ್ಲ, ಅದು ತಪ್ಪು ಎಂದು ವಿವರಿಸಿದೆ. ನೀವು ಹೇಳಿದ್ದೇ ಸರಿ, ಇದು ಬಿಟ್ಟ ಜಮೀನು, ಬಿದ್ದದ್ದಲ್ಲ, ಈ ವ್ಯತ್ಯಾಸದ ಮೇಲೆಯೇ ನಿಮ್ಮ ಹೊಲ ಉಳಿಯಬೇಕು ಎಂದೆ. ಅವರು ತಲೆಯಾಡಿಸಿದರು. ಸೊಸೆ ಮಾತ್ರ ಪತ್ರಿಕೆಯನ್ನು ಮತ್ತೆ ನೋಡಿ, “ಅಚ್ಚಲ್ಲಿ ಹಿಂಗೇ ಐತಲ್ಲ ಸಾರ್,” ಎಂದಳು. ತಿದ್ದುಪಡಿ ಹಾಕಿಸುತ್ತೇನೆ, ಪತ್ರಿಕೆಯನ್ನು ನೋಡುತ್ತಿರಿ ಎಂದೆ. ಯಜಮಾನರು ಆಗಲಿ ಎಂದರು. ಮೊದಲ ಚುನಾವಣೆಯಲ್ಲಿ ಯಾವ ಪೆಟ್ಟಿಗೆಗೆ ಓಟು ಹಾಕಿದರೆ ಯಾರಿಗೆ ಸೇರುತ್ತದೆ ಎಂದು ಆ ಊರಿಗೆಲ್ಲ ತಿಳಿದದ್ದು ನಮ್ಮ ಪತ್ರಿಕೆಯಿಂದಲೇ ಅಂತೆ. ನಿಮ್ಮ ಪೇಪರು ಒಂದು ಸಲವೂ ನಮ್ಮನ್ನು ದಾರಿ ತಪ್ಪಿಸಿಲ್ಲ ಸ್ವಾಮಿ ಎಂದರು. ಚುನಾವಣೆಯ ಆ ಲೇಖನವನ್ನು ಬರೆದವನು ನಾನೇ.

ಮಾರನೆಯ ದಿನ ಸಂಪಾದಕರನ್ನು ಕಂಡೆ. ಖಾದಿ ಉಡುತ್ತಿದ್ದ, ಸ್ವಾತಂತ್ರ್ಯಕ್ಕೆ ಮುಂಚೆ ಜೈಲು ಕಂಡು ಬಂದಿದ್ದ ಮನುಷ್ಯ. ನನ್ನ ಮಾತನ್ನು ಕೊನೆಯ ತನಕ ಕೇಳಿದರು. ತಪ್ಪಾಗಿದ್ದರೆ ತಿದ್ದಲೇಬೇಕು, ಅದು ಪತ್ರಿಕಾಧರ್ಮ ಎಂದರು. ನನ್ನೆದುರಿಗೇ ನಾಲ್ಕು ಸಾಲಿನ ತಿದ್ದುಪಡಿ ಬರೆದು ಸಹಿ ಹಾಕಿದರು. ನಾನು ಆ ದಿನ ಸೈಕಲ್ಲನ್ನು ತುಳಿಯಲಿಲ್ಲ, ಹಾರಿಸಿಕೊಂಡು ಮನೆಗೆ ಹೋದೆ.

ಬೆಳಿಗ್ಗೆ ಪತ್ರಿಕೆಯಲ್ಲಿ ತಿದ್ದುಪಡಿ ಇರಲಿಲ್ಲ. ಕಚೇರಿಗೆ ಹೋಗಿ ಕೇಳಿದರೆ, ಬಂದಿದೆಯಲ್ಲ ಎಂದು ಮುಖ್ಯ ಉಪಸಂಪಾದಕರು ಒಂದು ಪ್ರತಿಯನ್ನು ಮುಂದಿಟ್ಟರು. ಮೂರನೆಯ ಪುಟದಲ್ಲಿ ನಾಲ್ಕೂ ಸಾಲು ಇದ್ದವು. ಅದು ಡಾಕ್ ಆವೃತ್ತಿ. ದೂರದ ಊರುಗಳಿಗೆ ಹೋಗುವ ಪ್ರತಿಗಳನ್ನು ನಾವು ಮೊದಲು ಅಚ್ಚು ಹಾಕಿ ರೈಲಿಗೆ ಕಳಿಸುತ್ತಿದ್ದೆವು. ಆಮೇಲೆ ಕೆಲವು ಸುದ್ದಿ ತೆಗೆದು, ಕೆಲವು ಸೇರಿಸಿ, ಬೆಂಗಳೂರಿಗೆ ಬೇರೆ ಆವೃತ್ತಿ. ಮಾಗಡಿ ರಸ್ತೆಯ ಹೊಲದ ತಿದ್ದುಪಡಿ ಶಿವಮೊಗ್ಗಕ್ಕೂ ಚಿಕ್ಕಮಗಳೂರಿಗೂ ಹೋಗಿತ್ತು. ಮಾಗಡಿ ರಸ್ತೆಗೆ ಬರುವಷ್ಟರಲ್ಲಿ ಆ ಜಾಗಕ್ಕೆ ಒಂದು ಸೋಪಿನ ಜಾಹೀರಾತು ಬಂದಿತ್ತು. ಸಂಪಾದಕರ ಬಳಿಗೆ ಮತ್ತೆ ಹೋದೆ. ಅವರು ನನ್ನ ಮುಖ ನೋಡದೆ, ಹಾಕಿದ್ದಾಯಿತಲ್ಲಪ್ಪ ಎಂದರು.

ಬೆಂಗಳೂರಿನ ಇನ್ನೊಂದು ಕನ್ನಡ ಪತ್ರಿಕೆಯ ಸಂಪಾದಕರು ನನಗೆ ಪರಿಚಯದವರು. ಅವರು ಹಾಕಿಯಾರು ಎಂದು ಅವರ ಹತ್ತಿರ ಹೋದೆ. ಕಾಫಿ ತರಿಸಿಕೊಟ್ಟರು. ನಾನು ಮುಗಿಸಿದ ಮೇಲೆ ಲೋಟ ಕೆಳಗಿಟ್ಟು, “ನಿಮಗಿನ್ನೂ ಗೊತ್ತಾಗಿಲ್ಲ ಅಂತ ಕಾಣುತ್ತೆ. ಹೋದ ತಿಂಗಳಿಂದ ನಾವೂ ನೀವೂ ಒಂದೇ ಮನೆಯವರು,” ಎಂದರು. ಆ ಪತ್ರಿಕೆಯ ಹೆಚ್ಚಿನ ಷೇರುಗಳೂ ನಮ್ಮ ಮಾಲೀಕರ ಕೈಗೆ ಬಂದಿದ್ದವು. ಹೆಸರು ಬೇರೆ, ಕಟ್ಟಡ ಬೇರೆ, ಸಂಪಾದಕೀಯದಲ್ಲಿ ಒಬ್ಬರನ್ನೊಬ್ಬರು ಬೈದುಕೊಳ್ಳುವುದೂ ಹಾಗೇ ಇತ್ತು. ಓದುವವರು ಎರಡು ಪತ್ರಿಕೆ ಓದಿ ಎರಡೂ ಕಡೆಯ ವಾದ ತಿಳಿದುಕೊಂಡೆವೆಂದು ನೆಮ್ಮದಿಯಾಗಿದ್ದರು.

ಆ ಮೇಲಿನ ವಾರಗಳಲ್ಲಿ ‘ಬೀಳು ಬಿದ್ದ’ ಎಂಬ ಮಾತು ಎಲ್ಲ ಕಡೆ ಕಾಣಿಸತೊಡಗಿತು. ಓದುಗರ ಪತ್ರಗಳಲ್ಲಿ ಬಸವನಗುಡಿಯ ನಾಗರಿಕರೊಬ್ಬರು ಬೀಳು ಬಿದ್ದ ನೆಲದಲ್ಲಿ ನೂರಾರು ಜನಕ್ಕೆ ಕೂಲಿ ಸಿಗುವುದಾದರೆ ಬೇಡವೆನ್ನುವುದು ಯಾಕೆ ಎಂದು ಕೇಳಿದರು. ಆ ಪತ್ರದ ವಾಕ್ಯಗಳ ಕಟ್ಟು ನನಗೆ ಚೆನ್ನಾಗಿ ಪರಿಚಯದ್ದು, ಅದೇ ಕಟ್ಟನ್ನು ಮುಖ್ಯ ಉಪಸಂಪಾದಕರು ನನಗೂ ಕಲಿಸಿದ್ದರು. ಆಮೇಲೆ ಒಂದು ಸಂಪಾದಕೀಯ. ಆಮೇಲೆ ಇನ್ನೊಂದು ಪತ್ರಿಕೆಯಲ್ಲಿ ಅದಕ್ಕೆ ವಿರೋಧ. ಕಾರ್ಖಾನೆ ಬರಲಿ, ಆದರೆ ಬೀಳು ಬಿದ್ದ ನೆಲಕ್ಕೂ ರೈತರಿಗೆ ತಕ್ಕ ಪರಿಹಾರ ಸಿಗಲಿ ಎಂಬುದು ಆ ವಿರೋಧ. ಹೋಟೆಲುಗಳಲ್ಲಿ ಜನ ಇದನ್ನು ಹಿಡಿದು ಜೋರಾಗಿಯೇ ಚರ್ಚೆ ಮಾಡಿದರು. ನೆಲ ಬಿದ್ದದ್ದು ಹೌದೇ ಎಂದು ಮಾತ್ರ ಯಾರೂ ಕೇಳಲಿಲ್ಲ.

ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ನನಗೆ ಬೇಕಾದವರು. ಅವರು ಆ ಕಡತವನ್ನು ತೋರಿಸಿದರು. ಜಮೀನು ಬೀಳು ಬಿದ್ದಿದೆ ಎಂಬುದಕ್ಕೆ ಕಂಪನಿಯವರು ಆಧಾರವಾಗಿ ಒದಗಿಸಿದ್ದು ಸಾರ್ವಜನಿಕ ಅಭಿಪ್ರಾಯ, ಅಂದರೆ ಎರಡು ಪತ್ರಿಕೆಗಳ ತುಣುಕುಗಳು. ಮೇಲುಗಡೆಯೇ ಅಂಟಿಸಿದ್ದದ್ದು ನನ್ನ ವರದಿ.

ರೈತರ ಆಕ್ಷೇಪಣೆ ಕೇಳುವುದಕ್ಕೆ ದಿನ ಗೊತ್ತಾಗಿತ್ತು. ನಾನೇ ಅಲ್ಲಿ ನಿಂತು, ನಾನು ಬರೆದದ್ದು ಇದಲ್ಲ ಎಂದು ಹೇಳುವುದೆಂದು ನಿರ್ಧರಿಸಿದೆ. ಕೆಲಸ ಹೋಗುತ್ತದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಹೆಂಡತಿಗೆ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಿ, ಹೇಳಿದರೆ ಹೊಲ ಉಳಿಯುತ್ತದೆಯೇ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. “ಹೇಳದಿದ್ರೆ ನೀವು ಉಳಿಯಲ್ಲ, ಹೋಗಿ ಬನ್ನಿ,” ಎಂದಳು. ಮುಖ್ಯ ಉಪಸಂಪಾದಕರಿಗೂ ಮುಚ್ಚುಮರೆಯಿಲ್ಲದೆ ತಿಳಿಸಿ ರಜೆ ಕೇಳಿದೆ. ಅವರು ನೀಲಿ ಪೆನ್ಸಿಲಿನಲ್ಲೇ ಮಂಜೂರು ಮಾಡಿದರು. ಹೋಗಿ ಬಾ, ಮನಸ್ಸಿಗಾದರೂ ಸಮಾಧಾನವಾಗಲಿ ಎಂದರು. ಯಾರೂ ನನ್ನನ್ನು ಹೆದರಿಸಲಿಲ್ಲ. ಹೆದರಿಸುವ ಅಗತ್ಯವೇ ಅವರಿಗೆ ಉಳಿದಿಲ್ಲವೆಂದು ನಾನು ಆಗಲೇ ಅರ್ಥ ಮಾಡಿಕೊಳ್ಳಬೇಕಿತ್ತು.

ವಿಚಾರಣೆಯ ಕೋಣೆ ಚಿಕ್ಕದು. ಯಜಮಾನರು ಒಗೆದ ಪೇಟ ಸುತ್ತಿ, ಯಾರದೋ ಮದುವೆಗೆ ಹೊಲಿಸಿದ್ದ ಕರಿ ಕೋಟು ಹಾಕಿಕೊಂಡು ಬಂದಿದ್ದರು. ಊರಿನವರು ಬಾಗಿಲಾಚೆ ನಿಂತಿದ್ದರು. ಅಧಿಕಾರಿ ಇನ್ನೂ ನಡುವಯಸ್ಸು ದಾಟದವರು, ಒಳ್ಳೆಯವರಂತೆ ಕಂಡರು. ನನ್ನನ್ನು ಮೊದಲು ಕರೆದರು. ನಾನು ಎಲ್ಲವನ್ನೂ ಹೇಳಿದೆ. ಆಧಾರಕ್ಕೆ ಡಾಕ್ ಆವೃತ್ತಿಯ ತಿದ್ದುಪಡಿಯನ್ನೂ ಕೊಟ್ಟೆ. ಅವರು ಕಡತದಿಂದ ಬೆಂಗಳೂರಿನ ಆವೃತ್ತಿಯನ್ನು ತೆಗೆದು ಪಕ್ಕದಲ್ಲಿಟ್ಟು, ಎರಡನ್ನೂ ಬಹಳ ಹೊತ್ತು ನೋಡಿದರು.

“ಪತ್ರಿಕೆ ಒಂದೇ. ಮಾತು ಎರಡು. ನಾನು ಯಾವುದನ್ನು ನಂಬಲಿ?” ಎಂದರು.

“ಎರಡನ್ನೂ ಬಿಡಿ ಸ್ವಾಮಿ. ಉಳುವವರು ಇಲ್ಲೇ ಇದ್ದಾರೆ, ಅವರನ್ನೇ ಕೇಳಿ,” ಎಂದೆ.

ನ್ಯಾಯವಾದ ಮಾತು ಎಂದು ಅಧಿಕಾರಿ ತಲೆದೂಗಿದರು. ನನಗೆ ಗೆದ್ದೆ ಅನ್ನಿಸಿತು. ಯಜಮಾನರನ್ನು ಮುಂದಕ್ಕೆ ಕರೆದು, ಪಡುವಲ ಹೊಲಗಳಲ್ಲಿ ಈ ವರ್ಷ ಯಾಕೆ ಬೆಳೆಯಿಲ್ಲ, ಅವು ಎಂಥ ಜಮೀನು ಎಂದು ಕೇಳಿದರು. ಯಜಮಾನರು ಕೋಟಿನ ಗುಂಡಿ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಒಂದೊಂದೇ ಪದವನ್ನು ಎತ್ತಿಟ್ಟು ಹೇಳಿದರು.

“ಮಹಾಸ್ವಾಮಿ, ಸದರಿ ಜಮೀನು ಬೀಳು ಬಿದ್ದ ಜಮೀನು ಆಗಿರುತ್ತದೆ.”

ನಾನು ಎದ್ದು ನಿಂತೆ. ಅಧಿಕಾರಿ ಕೈಸನ್ನೆಯಲ್ಲಿ ನನ್ನನ್ನು ಕೂರಿಸಿದರು. ಅವರನ್ನು ನಾನು ದೂರುವುದಿಲ್ಲ, ಅವರು ಮತ್ತೊಮ್ಮೆ ಕೇಳಿದರು. ಸರಿಯಾಗಿ ಯೋಚಿಸಿ ಹೇಳಿ, ಬೀಳು ಬಿಟ್ಟದ್ದೋ, ಬೀಳು ಬಿದ್ದದ್ದೋ ಎಂದರು. ಯಜಮಾನರು ನನ್ನ ಕಡೆ ತಿರುಗಿ ನಸುನಕ್ಕರು.

“ಬಿದ್ದದ್ದೇ ಸ್ವಾಮಿ. ಬಿಟ್ಟದ್ದು ಅನ್ನೋದು ನಮ್ಮ ಹಳ್ಳೀ ಕಡೆ ಬಾಯ್ಮಾತು.”

ಗುಮಾಸ್ತರು ಬರೆದುಕೊಂಡರು. ಸಾಕು ಎಂದು ಅಧಿಕಾರಿ ಪುಟ ತಿರುವಿದರು. ಇನ್ನೂ ಹೇಳುವುದಿದೆ ಎನ್ನುವ ಹಾಗೆ ಯಜಮಾನರು ಸ್ವಲ್ಪ ಹೊತ್ತು ನಿಂತೇ ಇದ್ದರು. ಕುರಿಗಳ ವಿಷಯ ಹೇಳಬೇಕೆಂದಿದ್ದರೋ ಏನೋ. ಅಷ್ಟರಲ್ಲಿ ಜವಾನ ಮುಂದಿನ ಊರಿನ ಹೆಸರು ಕೂಗಿದ. ಯಜಮಾನರು ಹೆಬ್ಬೆಟ್ಟು ಒತ್ತಿ, ಮಸಿಯನ್ನು ಪೇಟದಂಚಿನ ಕೂದಲಿಗೆ ಒರೆಸಿಕೊಂಡು ಹೊರಗೆ ಬಂದರು.

ಹೊರಗೆ ಹುಣಸೆ ಮರದ ಕೆಳಗೆ ಊರಿನವರು ಅವರನ್ನು ಸುತ್ತಿಕೊಂಡು ನಿಂತಿದ್ದರು. ಎಲ್ಲರ ಮುಖದಲ್ಲೂ ಗೆಲುವು. ಹೊಲ ಹೋಯಿತು ಎಂಬುದು ಅಲ್ಲಿ ನನ್ನೊಬ್ಬನಿಗೆ ಮಾತ್ರ ಗೊತ್ತಿತ್ತು. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ದನಿ ಏರಿತ್ತೋ ಏನೋ, ಅವರು ನನ್ನ ಮೊಣಕೈ ಹಿಡಿದು ಸ್ವಲ್ಪ ಆಚೆ ಕರೆದುಕೊಂಡು ಹೋದರು.

“ನೀವು ತಿದ್ದುಪಡಿ ಬರ್ತದೆ ಅಂದ್ರಿ. ಸೊಸೆ ಕೈಲಿ ದಿನಾ ಓದಿಸ್ದೆ, ಬರ್ನಿಲ್ಲ. ಎಲ್ಡು ಪೇಪರ್ನಾಗೂ ಬಿದ್ದ, ಬಿದ್ದ ಅಂತ್ಲೇ ಬಂತು. ಅಷ್ಟು ಓದಿರೋರು ಬರೀತಾರೆ ಅಂದ್ರೆ ಅದೇ ಸರಿ ಇರ್ಬೇಕು ಅಂದ್ಕಂಡೆ. ನೀವು ನಮಗೋಸ್ಕರ ನಮ್ಮ ಮಾತೇ ಹಿಡ್ಕಂಡು ನಿಂತ್ರಿ. ದೊಡ್ಡೋರ ಮುಂದೆ ಹಳ್ಳಿ ಮಾತಾಡಿ ನಿಮ್ಮ ಮರ್ವಾದೆ ಕಳೀಬಾರ್ದು ಅಂತ ಸೊಸೆ ಹತ್ರ ಬಾಯಿಪಾಠ ಮಾಡ್ಕಂಡು ಬಂದೆ. ಸರಿಯಾಗಿ ಹೇಳ್ದೆನಾ ಸ್ವಾಮಿ?”

ಅವರ ಹಣೆಯ ಮೇಲೆ ಹೆಬ್ಬೆಟ್ಟಿನ ಮಸಿ ಒಂದಿಷ್ಟು ಹತ್ತಿತ್ತು. ಒಳಗೆ ಮುಂದಿನ ಊರಿನ ವಿಚಾರಣೆ ನಡೆಯುತ್ತಿತ್ತು.

“ಸರಿಯಾಗಿಯೇ ಹೇಳಿದಿರಿ,” ಎಂದೆ.

“ಹಂಗಾದ್ರೆ ನಾಳೆ ಪೇಪರ್ನಾಗೆ ಬರ್ತದಾ?”

ಬರುತ್ತದೆ ಎಂದೆ. ಬಂತು. ಮೊದಲ ಪುಟದಲ್ಲಿ, ಎರಡೂ ಆವೃತ್ತಿಗಳಲ್ಲಿ, ಅವರು ಹೇಳಿದ ಹಾಗೆಯೇ, ಒಂದಕ್ಷರವೂ ತಿದ್ದದೆ.